ದವಡೆಗೆ ಬಣ್ಣ ಹಚ್ಚುವವಳು

ಎಲ್ಲರೂ ಮುಖ ನೋಡಿ ಮಾತಾಡುತ್ತಾರೆ, ನಾನು ದವಡೆ ನೋಡಿ ಮಾತಾಡುತ್ತೇನೆ. ಹೀಗಾಗಿ ಹೋದಲ್ಲೆಲ್ಲ ಏನಾದರೊಂದು ಆಗುತ್ತಲೇ ಇರುತ್ತದೆ. ಹಲ್ಲಿ, ಮೊಸಳೆ, ಕೋಳಿ, ಗಿಣಿಗಳ ತಲೆಬುರುಡೆಯನ್ನು ಕಂಪ್ಯೂಟರಿನಲ್ಲಿ ಮೂಡಿಸಿ, ಕಚ್ಚುವ ಒಂದೊಂದು ಸ್ನಾಯುವಿಗೂ ಒಂದೊಂದು ಬಣ್ಣ ಹಚ್ಚಿ, ಯುಗಯುಗಗಳಲ್ಲಿ ಆ ಕಚ್ಚು ಹೇಗೆ ಬದಲಾಯಿತೆಂದು ತೋರಿಸುವುದು ನನ್ನ ಪಿಎಚ್.ಡಿ. ಈ ಸಲ ಪ್ರಬಂಧ ಒಪ್ಪಿಗೆಯಾಗದಿದ್ದರೆ ಬಣ್ಣ ಬದಿಗಿಟ್ಟು ಬ್ಯಾಂಕ್ ಪರೀಕ್ಷೆಗೆ ಕೂರುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದೆ. ಅದನ್ನು ನೆನೆದರೇ ಅಳು ಬರುತ್ತಿತ್ತು.

ಬಸ್ಸಿನಲ್ಲಿ

ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುತ್ತಿದ್ದೆ. ಪಕ್ಕದಲ್ಲಿ ಕೂತ ಅಜ್ಜಿ ಎಲೆಅಡಿಕೆ ಜಗಿಯುತ್ತಿದ್ದರು. ಕಿಟಕಿಯಾಚೆ ಹಿಪ್ಪುನೇರಳೆ ತೋಟಗಳು ಹಿಂದೆ ಸರಿಯುತ್ತಿದ್ದವು. ಹಲ್ಲಿಯಲ್ಲೂ ಹಕ್ಕಿಯಲ್ಲೂ ದವಡೆಯ ಕೀಲಾಗಿರುವ ಪುಟ್ಟ ಎಲುಬು ನಮ್ಮಲ್ಲಿ ಸಣ್ಣದಾಗಿ ಕಿವಿಯೊಳಗೆ ಸೇರಿಕೊಂಡಿದೆ. ಅವು ಕಚ್ಚುವ ಎಲುಬಿನಲ್ಲಿ ನಾವು ಕೇಳಿಸಿಕೊಳ್ಳುತ್ತೇವೆ. ಬಾಯಿಂದ ಕಿವಿಗೆ ಕೋಟ್ಯಂತರ ವರ್ಷಗಳ ದಾರಿ. ಅದನ್ನೇ ಯೋಚಿಸುತ್ತ, ಅಜ್ಜಿಯ ಕೆನ್ನೆ ನೋಡುತ್ತ ಎಲ್ಲೋ ತೇಲಿಹೋಗಿದ್ದೆ.

"ಆಗ್ಲಿಂದ ನೋಡ್ತಿದೀಯ. ಎಲೆ ಬೇಕಿದ್ರೆ ಕೇಳಬಾರ್ದೇನಮ್ಮ?" ಎಂದರು ಅಜ್ಜಿ.

"ಎಲೆ ಬೇಡ ಅಜ್ಜಿ. ನಿಮ್ಮ ದವಡೆ ನೋಡ್ತಿದ್ದೆ, ತುಂಬಾ ಚೆನ್ನಾಗಿ ಆಡ್ತಿದೆ."

ಅಜ್ಜಿಗೆ ಸಂತೋಷವಾಯಿತು. "ಹಲ್ಲು ಸೆಟ್ಟು ಕಣಮ್ಮ. ತಾಳು ಬಿಚ್ಚಿಕೊಡ್ತೀನಿ, ಕೈಯಲ್ಲಿ ಹಿಡ್ಕೊಂಡೇ ನೋಡು."

ಹುಳದ ಮನೆಯಲ್ಲಿ

ಸಾದಲಿಯಲ್ಲಿ ಚಿಕ್ಕಮ್ಮ ರೇಷ್ಮೆಹುಳು ಸಾಕುತ್ತಾರೆ. ಆ ಹುಳದ ಮನೆಯ ಗೋಡೆಯ ಮೇಲೊಂದು ದಪ್ಪ ಹಲ್ಲಿ. ಅದು ಕಚ್ಚುವುದನ್ನು ಫೋನಿನಲ್ಲಿ ಹಿಡಿಯಬೇಕೆಂದು ನಾನು ಕೈಕಾಲು ತೊಳೆದು ಒಳಗೆ ಹೋಗಿ ಕಾಯುತ್ತ ಕೂತೆ. ಒಳಗೆಲ್ಲ ಹುಳುಗಳು ಸೊಪ್ಪು ಮೇಯುವ ಸದ್ದು, ಹೊರಗೆ ಸಣ್ಣ ಮಳೆ ಬಂದಂತೆ. ನನಗೆ ಜೊಂಪು ಹತ್ತಿತು.

ಕಣ್ಣು ಬಿಟ್ಟಾಗ ಚಿಕ್ಕಮ್ಮ ಪೊರಕೆ ಎತ್ತಿ ನಿಂತಿದ್ದರು. "ನಿನ್ನ ಓದಿಗೋಸ್ಕರ ನನ್ನ ಹುಳ ತಿನ್ನಿಸ್ತೀಯೇನೇ? ಈ ಸಲನಾದ್ರೂ ಗೂಡಿಗೆ ಒಳ್ಳೆ ರೇಟು ಸಿಗುತ್ತೆ ಅಂತಿದ್ದೆ..."

ಹಲ್ಲಿ ಲೊಚಗುಟ್ಟಿತು.

ಚಿಕ್ಕಮ್ಮ ಪೊರಕೆ ಇಳಿಸಿ, ಹುಳುಗಳ ತಟ್ಟೆಯ ಅಂಚಿಗೆ ಬೆರಳಿಂದ ತಟ್ಟಿ "ಕೃಷ್ಣ ಕೃಷ್ಣ" ಎಂದರು. ಹಲ್ಲಿ ನುಡಿದ ಮೇಲೆ ಮಾತು ನಿಜವಾಗಲೇಬೇಕಲ್ಲ. ಅಷ್ಟರಲ್ಲಿ ಅದು ಸರಸರನೆ ಇಳಿದು ದಪ್ಪ ಹುಳುವೊಂದನ್ನು ಕಚ್ಚಿಕೊಂಡು ಹೋಯಿತು.

ಚಿಕ್ಕಮ್ಮ ಒಂದು ಗಳಿಗೆ ಯೋಚಿಸಿ, "ಹೋಗ್ಲಿ ಬಿಡು, ಶಾಸ್ತ್ರ ಹೇಳ್ತಲ್ಲ, ದಕ್ಷಿಣೆ ತಗೊಂಡಿದೆ" ಎಂದರು.

ಕೊನೆಯ ಪರೀಕ್ಷೆ

ಮೌಖಿಕ ಪರೀಕ್ಷೆಯ ದಿನ ಬಂತು. ಪರೀಕ್ಷಕಿಯಾಗಿ ಬಂದ ಮೇಡಂ ಪರದೆಯ ಮೇಲಿನ ಬಣ್ಣಬಣ್ಣದ ದವಡೆಗಳನ್ನೆಲ್ಲ ನೋಡಿದರು. ಮೊಸಳೆ, ಹಲ್ಲಿ, ಗಿಣಿ, ಹೋಲಿಕೆಗೆಂದು ಇಟ್ಟಿದ್ದ ಮನುಷ್ಯ.

"ಚಿತ್ರ ಚೆನ್ನಾಗಿದೆ. ಆದ್ರೆ ಇದನ್ನ ನೋಡಿ ಯಾರಿಗೆ ಏನಾಗ್ಬೇಕು?" ಎಂದರು.

ಇದೊಂದು ಪ್ರಶ್ನೆಯಲ್ಲಿ ಎಲ್ಲ ಮುಗಿಯಬಹುದಿತ್ತು. ನನ್ನ ದವಡೆಯಲ್ಲೇ ತೋರಿಸಿ ಉತ್ತರ ಹೇಳೋಣವೆಂದು ಇದ್ದಷ್ಟೂ ಬಾಯಿ ಅಗಲಿಸಿದೆ. ಬಾಯಿ ಮತ್ತೆ ಮುಚ್ಚಲಿಲ್ಲ.

ಕೀಲು ಜಾರಿತ್ತು. "ಡಾಕ್ಟರನ್ನ ಕರೀರಿ" ಎಂದು ಯಾರೋ ಕೂಗಿದರು. ಕೋಣೆಯಲ್ಲಿದ್ದವರೆಲ್ಲ ಡಾಕ್ಟರುಗಳೇ, ಆದರೆ ಎಲ್ಲರೂ ಪಿಎಚ್.ಡಿ.ಯವರು. ನನ್ನ ಗೈಡ್ ನೀರು ತಂದರು, ಕುಡಿಯುವುದು ಹೇಗೆಂದು ಅವರಿಗೂ ತಿಳಿಯಲಿಲ್ಲ.

ನಾನು ಜೊಲ್ಲು ಒರೆಸಿಕೊಂಡು ಮನುಷ್ಯನ ದವಡೆಯ ಚಿತ್ರ ತೆರೆದೆ. ಕೆಂಪು ಸ್ನಾಯು ಬಿಗಿಹಿಡಿದಿದೆ ಎಂದು ಬೆರಳಲ್ಲಿ ತೋರಿಸಿದೆ. ಆಮೇಲೆ ಹಿಂದಿನ ಹಲ್ಲುಗಳ ಮೇಲೆ ಬೆರಳಿಟ್ಟು, ಮೊದಲು ಕೆಳಕ್ಕೆ, ಆಮೇಲೆ ಹಿಂದಕ್ಕೆ ಎಂದು ಸನ್ನೆ ಮಾಡಿದೆ. ಮೇಡಂಗೆ ಅರ್ಥವಾಯಿತು. ಎರಡೂ ಹೆಬ್ಬೆರಳಿಗೆ ಕರವಸ್ತ್ರ ಸುತ್ತಿಕೊಂಡು, ಪರದೆ ನೋಡುತ್ತಲೇ ನನ್ನ ದವಡೆ ಒತ್ತಿದರು. ಟಕ್ ಎಂದು ಬಾಯಿ ಕೂಡಿತು.

ಮೇಡಂ ಕುರ್ಚಿಯಲ್ಲಿ ಕುಸಿದು ಬೆವರು ಒರೆಸಿಕೊಂಡರು. ಆಮೇಲೆ ನನ್ನ ಪ್ರಬಂಧ ಎಳೆದುಕೊಂಡು ಒಪ್ಪಿಗೆಯ ಸಹಿ ಹಾಕಿದರು. ನನಗೆ ತಡೆಯಲಾಗದಷ್ಟು ಸಂತೋಷವಾಗಿ, ಅವರಿಗೆ ಥ್ಯಾಂಕ್ಸ್ ಹೇಳಲು ಎದ್ದು ನಿಂತೆ.

"ಬೇಡಮ್ಮ, ಬೇಡ. ಏನು ಹೇಳೋದಿದ್ರೂ ಬರೆದು ಕಳಿಸು" ಎಂದು ಮೇಡಂ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು.