ಮೆದುಳಿನ ಫೋಟೊ ಮತ್ತು ಮೊಪೆಡ್ಡಿನ ಕೀ

ಜನರ ತಲೆಯೊಳಗೆ ಏನಿದೆ ಎಂದು ನೋಡಲು ಹೊರಟವರಿಗೆ ನಗುವಂಥದ್ದು ದಿನಕ್ಕೊಂದಾದರೂ ಸಿಗುತ್ತದೆ. ಮೆದುಳಿನ ಸಂಶೋಧನೆ ಮಾಡುವ ಡಾಕ್ಟರುಗಳ ಬಳಿಗೆ ಊರವರನ್ನು ಕರೆತರುವುದು ನನ್ನ ಕೆಲಸ. ವಯಸ್ಸಾದಂತೆ ನೆನಪು ಯಾಕೆ ಕುಂದುತ್ತದೆ, ಕೆಲವರಿಗೆ ಯಾಕೆ ಕುಂದುವುದಿಲ್ಲ ಎಂದು ತಿಳಿಯಲು ಅವರಿಗೆ ಹಳ್ಳಿಯ ಹಿರಿಯರು ಬೇಕು. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆ ಮನೆ ಮನೆಗೆ ಹೋಗಿ, ಒಪ್ಪಿಸಿ, ವ್ಯಾನು ಹತ್ತಿಸಿ ಬೆಂಗಳೂರಿಗೆ ಕರೆದೊಯ್ದು, ಸಂಜೆ ಮತ್ತೆ ಅವರವರ ಬಾಗಿಲಿಗೆ ತಂದು ಇಳಿಸಬೇಕು. ಮುಖದ ಫೋಟೊಗೇ ಸೆರಗು ಅಡ್ಡ ಹಿಡಿಯುವವರನ್ನು ಮೆದುಳಿನ ಫೋಟೊಗೆ ಒಪ್ಪಿಸುವುದೆಂದರೆ ನೀವೇ ಯೋಚಿಸಿ.

ಕಳುವಾದ ಗಾಡಿ

ಶಿಡ್ಲಘಟ್ಟದ ಹತ್ತಿರದ ಹಳ್ಳಿಯ ಒಬ್ಬ ತಾತ ಮಾತ್ರ ಒಪ್ಪಿಸುವ ಕಷ್ಟವನ್ನೇ ಕೊಡಲಿಲ್ಲ. ನಾನು ಜಗುಲಿ ಹತ್ತುವ ಮೊದಲೇ, "ನನ್ನ ಹೆಸ್ರು ಬರ್ಕೊಳಮ್ಮ" ಎಂದರು. ಕಾರಣವನ್ನು ಅವರ ಹೆಂಡತಿ, ಅಜ್ಜಿ, ವಿವರಿಸಿದರು. ತಾತ ಮೊಪೆಡ್ಡಿನಲ್ಲಿ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಹೋಗಿ, ರೇಷ್ಮೆಗೂಡು ಮಾರಿ, ಪರಿಚಯದವರೊಬ್ಬರ ಜೊತೆ ಮಾತಾಡುತ್ತ ಮಾತಾಡುತ್ತ ಬಸ್ಸು ಹತ್ತಿ ಮನೆಗೆ ಬಂದುಬಿಟ್ಟಿದ್ದರು. ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ಗಾಡಿ ಇಲ್ಲ. ಮನೆ ಮುಂದೆ ನಿಲ್ಲಿಸಿದ್ದನ್ನು ಯಾರೋ ಹೊಡೆದುಕೊಂಡು ಹೋದರು ಎಂದು ಪೊಲೀಸರಿಗೆ ದೂರು ಕೊಟ್ಟರು. ಎದುರು ಮನೆಯವನ ಮೇಲೆ ಅನುಮಾನ ಅಂತಲೂ ಸೇರಿಸಿದರು. ಮಧ್ಯಾಹ್ನ ಮಾರ್ಕೆಟ್ಟಿನ ಕಾವಲುಗಾರ ಫೋನು ಮಾಡಿ, ಯಜಮಾನರೇ ನಿಮ್ಮ ಗಾಡಿ ನಿನ್ನೆಯಿಂದ ಇಲ್ಲೇ ನಿಂತಿದೆ ಎಂದ.

ಅವತ್ತೇ ಮಗ ಕೀ ಕಿತ್ತುಕೊಂಡ. ಚಿಕ್ಕಬಳ್ಳಾಪುರದ ಆಫೀಸೊಂದರಲ್ಲಿ ಕೆಲಸ ಮಾಡುವ ಅವನು ಕೆಟ್ಟವನಲ್ಲ. ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಯಿತೇನೋ ಎಂದು ನಿಜವಾಗಿ ಹೆದರಿದ್ದ. ತಾತನಿಗೆ ಬೇಕಾಗಿದ್ದದ್ದು ಇಷ್ಟೇ: ತಲೆ ಸರಿಯಾಗಿದೆ ಎಂದು ಡಾಕ್ಟರ ಬಾಯಲ್ಲಿ ಬರಬೇಕು, ಕೀ ವಾಪಸ್ಸು ಸಿಗಬೇಕು. ಎದುರು ಮನೆಯವನೂ ಡಾಕ್ಟರ ಮಾತಿಗೇ ಕಾಯುತ್ತಿದ್ದ. ಅವನಿಗೆ ಬೇಕಾಗಿದ್ದ ಉತ್ತರ ಬೇರೆ, ಅಷ್ಟೆ.

ಸಾಬರ ನಿದ್ದೆ

ಮೊದಲ ವ್ಯಾನಿನಲ್ಲಿ ತಾತನಿಗೆ ಸೀಟು ಸಿಗಲಿಲ್ಲ, ಅವರ ಗೂಡು ಕೊಳ್ಳುತ್ತಿದ್ದ ಸಾಬರಿಗೆ ಸಿಕ್ಕಿತು. ಸಾಬರು ಗೂಡಿನಿಂದ ನೂಲು ತೆಗೆಸುವವರು. ರೀಲಿಂಗ್ ಮಿಷನ್ನು ಅವರ ಮನೆಗೆ ಅಂಟಿಕೊಂಡೇ ಇದೆ.

ಸ್ಕ್ಯಾನಿಂಗ್ ಕೊಳವೆಯೊಳಗೆ ದಡಬಡ ಸದ್ದಿಗೆ ಗಟ್ಟಿ ಗುಂಡಿಗೆಯವರೂ ನಡುಗುತ್ತಾರೆ. ಅಲ್ಲಿ ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿರಬೇಕು. ನಾವು ಏನೂ ಮಾಡದೆ ಇದ್ದಾಗಲೂ ಮೆದುಳಿನ ಕೆಲವು ಭಾಗಗಳು ಬಿಡುವಿಲ್ಲದೆ ದುಡಿಯುತ್ತಿರುತ್ತವೆ, ಅದು ಗೊತ್ತಾದದ್ದೇ ಇಂಥ ಫೋಟೊಗಳಿಂದಂತೆ. ಸಾಬರು ಒಳಗೆ ಹೋದವರೇ ಗೊರಕೆ ಶುರು ಮಾಡಿದರು. ಎಬ್ಬಿಸೋಣವೆಂದು ಟೆಕ್ನಿಷಿಯನ್ ಮಿಷನ್ ನಿಲ್ಲಿಸಿದರೆ, ತಟ್ಟನೆ ಎಚ್ಚರವಾಗಿ ಏನಾಯಿತು ಎಂದು ಕೇಳಿದರು. ಮತ್ತೆ ಶುರು ಮಾಡಿದರೆ ಮತ್ತೆ ಗೊರಕೆ. ಎಲ್ಲರೂ ಹೆದರುವ ಸದ್ದಿಗೆ ಇವರಿಗೆ ಹೇಗೆ ನಿದ್ದೆ ಬರುತ್ತದೆ ಎಂದು ನನಗೆ ಆಶ್ಚರ್ಯ.

"ಏನ್ ಮಾಡ್ಲಿ ಬೇಟಿ," ಎಂದರು ಸಾಬರು. "ಹುಟ್ಟಿದಾಗಿಂದ ರೀಲಿಂಗ್ ಮಿಷನ್ ಪಕ್ಕದಲ್ಲೇ ಮಲ್ಗಿರೋದು. ಸದ್ದಿದ್ರೆ ನಿದ್ದೆ. ಸದ್ದು ನಿಂತ್ರೆ, ಕರೆಂಟ್ ಹೋಯ್ತು ಅಂತ ಎಚ್ಚರ."

ತಲೆ ತೊಳೆಯುವ ಕ್ರಮ

ಮುಂದಿನ ತಿಂಗಳ ವ್ಯಾನಿನಲ್ಲಿ ತಾತ, ಅಜ್ಜಿ, ಜೊತೆಗೆ ರಜೆ ಹಾಕಿದ್ದ ಮಗ. ನಮ್ಮ ಸಣ್ಣ ವಯಸ್ಸಿನ ಡಾಕ್ಟರಮ್ಮನೂ ಅವತ್ತು ಜೊತೆಗಿದ್ದಳು. ಅವಳಿಗೆ ಹೊಸದಾಗಿ ಕಂಡುಹಿಡಿದದ್ದನ್ನೆಲ್ಲ ಯಾರಿಗಾದರೂ ಹೇಳದಿದ್ದರೆ ಊಟ ಸೇರುವುದಿಲ್ಲ. ಬೆಳೆದ ಮೆದುಳು ಬದಲಾಗುವುದೇ ಇಲ್ಲ ಎಂದು ಹಿಂದೆ ತಿಳಿದಿದ್ದರು, ಈಗ ನೋಡಿದರೆ ಮುದುಕರಾದ ಮೇಲೂ ಹೊಸದು ಕಲಿತಂತೆಲ್ಲ ಬದಲಾಗುತ್ತಲೇ ಇರುತ್ತದೆ ಎಂದಳು. ಹೊಸ ನೆನಪನ್ನು ಕೂಡಿಡುವ ಜಾಗ ಪುಟ್ಟ ಕಡಲಕುದುರೆಯ ಆಕಾರದಲ್ಲಿದೆ ಎಂದಳು. ಅಜ್ಜಿ ಕಡಲನ್ನೂ ಕಂಡವರಲ್ಲ, ಅದರ ಕುದುರೆಯನ್ನೂ ಕಂಡವರಲ್ಲ, ಸುಮ್ಮನೆ ತಲೆಯಾಡಿಸಿದರು. ಗಾಢ ನಿದ್ದೆಯಲ್ಲಿ ಮೆದುಳು ತನ್ನ ಕಸವನ್ನು ತಾನೇ ತೊಳೆದುಕೊಳ್ಳುತ್ತದೆ ಅಂತಲೂ ಈಚೆಗೆ ಹೇಳುತ್ತಾರೆ ಎಂದಾಗ ಮಾತ್ರ ಅವರ ಕಿವಿ ನೆಟ್ಟಗಾಯಿತು.

ಜಾಸ್ತಿ ನಿದ್ದೆ ಮಾಡಿದಷ್ಟೂ ಜಾಸ್ತಿ ತೊಳೆಯುತ್ತದೆಯೇ ಎಂದು ಕೇಳಿದರು. ಒಂದು ಲೆಕ್ಕದಲ್ಲಿ ಹಾಗೇ ಅನ್ನಿ ಎಂದಳು ಡಾಕ್ಟರಮ್ಮ. ಅಜ್ಜಿ ಕಿಟಕಿಗೆ ತಲೆ ಕೊಟ್ಟು ಬಾಯಿ ತೆರೆದು ಮಲಗಿದ್ದ ಗಂಡನನ್ನು ಒಮ್ಮೆ ನೋಡಿದರು.

"ಹಂಗಾದ್ರೆ ಫೋಟೊ ತೆಗೆಯೋದೇ ದಂಡ ಬಿಡಮ್ಮ. ಇವ್ರ ತಲೇಲಿದ್ದದ್ದೆಲ್ಲ ತೊಳ್ದು ಹೋಗಿರುತ್ತೆ."

ಅರಿಶಿನದ ಕೊಂಬು

ಸ್ಕ್ಯಾನಿಂಗ್ ಕೋಣೆಗೆ ಲೋಹದ ಚೂರೂ ಹೋಗಬಾರದು. ಹೆಂಗಸರ ವಿಷಯದಲ್ಲಿ ಇದು ದೊಡ್ಡ ಯುದ್ಧ. ಬಳೆ ಬಿಚ್ಚುತ್ತಾರೆ, ಓಲೆ ಬಿಚ್ಚುತ್ತಾರೆ, ತಾಳಿಯ ಹತ್ತಿರ ಬಂದಾಗ ಕೈ ನಿಂತುಬಿಡುತ್ತದೆ. ಹಿಂದೊಬ್ಬರು ಅಲ್ಲಿಯವರೆಗೂ ಬಂದು, ತಾಳಿ ತೆಗೆಯಲಾರೆ ಎಂದು ಹಾಗೇ ತಿರುಗಿ ಹೋಗಿದ್ದರು. ಅಜ್ಜಿಯನ್ನು ಹೇಗೆ ಒಪ್ಪಿಸುವುದೆಂದು ನಾನು ಮಾತು ಹುಡುಕುತ್ತಿದ್ದೆ. ಅವರು ಸೊಂಟದ ಸೆರಗಿನ ಗಂಟು ಬಿಚ್ಚಿ, ದಾರಕ್ಕೆ ಕಟ್ಟಿದ ಅರಿಶಿನದ ಕೊಂಬೊಂದನ್ನು ತೆಗೆದು ಕೊರಳಿಗೆ ಹಾಕಿಕೊಂಡರು. ಮನೆಯಿಂದಲೇ ತಯಾರಾಗಿ ಬಂದಿದ್ದರು.

ಬಿಚ್ಚಿದ ತಾಳಿಯನ್ನು ತೆಗೆದುಕೊಳ್ಳಲು ತಾತ ಕೈ ಚಾಚಿದರು. ಅಜ್ಜಿ ಆ ಕೈಯನ್ನು ನೋಡಿ, ತಾಳಿಯನ್ನು ನನ್ನ ಕೈಗೆ ಕೊಟ್ಟರು.

"ಇವ್ರ ಕೈಗೆ ಕೊಟ್ರೆ, ಎಲ್ಲೋ ಇಟ್ಟು ಬಸ್ಸು ಹತ್ತಿಬಿಡ್ತಾರೆ."

ಎಲ್ಲರೂ ನಕ್ಕೆವು, ತಾತನೂ ನಕ್ಕರು. ಆದರೆ ಅವರು ಚಾಚಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ನಿಂತದ್ದು ನೋಡಿ ನನಗೆ ಸಂಕಟವಾಯಿತು. ಇವರಿಗೆ ಆ ಕೀ ಸಿಗಲೇಬೇಕಪ್ಪ ಅನ್ನಿಸಿತು.

ಪರೀಕ್ಷೆ

ಫೋಟೊ ಆದ ಮೇಲೆ ನೆನಪಿನ ಪರೀಕ್ಷೆ. ಡಾಕ್ಟರಮ್ಮ ಐದು ಪದ ಹೇಳುತ್ತಾಳೆ, ಬೇರೆ ಮಾತಾಡಿಸುತ್ತಾಳೆ, ಆಮೇಲೆ ಆ ಪದಗಳನ್ನು ಕೇಳುತ್ತಾಳೆ. ತಾತ ಎದುರಿಗೆ ಕೂತರು. ಹಿಂದೆ ಮಗ ಉಗುರು ಕಚ್ಚುತ್ತ ನಿಂತ. ಐದು ಪದ ಹೇಳ್ತೀನಿ, ಗಮನ ಇಟ್ಟು ಕೇಳಿ ಎಂದು ಡಾಕ್ಟರಮ್ಮ ಕಾಗದ ಎತ್ತಿಕೊಂಡಳು, ಇನ್ನೂ ಬಾಯಿ ತೆರೆದಿರಲಿಲ್ಲ.

"ಹುಣಸೆಮರ, ಕನ್ನಡಿ, ಬಾವಿ, ಚಪ್ಪಲಿ, ಹಳದಿ," ಎಂದರು ತಾತ. "ಮುಂದಿಂದು ಕೇಳಮ್ಮ."

ಡಾಕ್ಟರಮ್ಮ ನನ್ನನ್ನು ನೋಡಿದಳು. ನಾನು ಫ್ಯಾನು ನೋಡಿದೆ. ಪ್ರಶ್ನೆಪತ್ರಿಕೆ ಬಯಲಾದ ಮೂಲ ಯಾವುದೆಂದು ವಿಚಾರಣೆ ನಡೆಯಿತು. ಹಿಂದಿನ ತಿಂಗಳು ಮಾರ್ಕೆಟ್ಟಿನ ಹತ್ತಿರ ಟೀ ಕುಡಿಯುವಾಗ ಸಾಬರು ತಮಗೆ ಕೇಳಿದ ಪದಗಳನ್ನು ಹೇಳಿದರು ಎಂದು ತಾತ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಅಪ್ಪ ಕಾಪಿ ಹೊಡೆದು ಸಿಕ್ಕಿಬಿದ್ದರು ಎಂದು ಮಗ ತಲೆ ಮೇಲೆ ಕೈಯಿಟ್ಟುಕೊಂಡ. ನನ್ನ ಆಸೆಯೂ ಮುಗಿಯಿತು.

ಡಾಕ್ಟರಮ್ಮ ಮಾತ್ರ ಯೋಚಿಸುತ್ತ ಕೇಳಿದಳು, "ಸಾಬ್ರು ಎಷ್ಟು ಸಲ ಹೇಳಿದ್ರು ತಾತ?"

"ಒಂದೇ ಸಲ. ಅಷ್ಟರಲ್ಲಿ ಅವರಿಗೆ ಫೋನ್ ಬಂತು."

ಅವಳು ಕಾಗದ ಕೆಳಗಿಟ್ಟು ಜೋರಾಗಿ ನಗಲಾರಂಭಿಸಿದಳು. ಟೀ ಅಂಗಡಿಯ ಗಲಾಟೆಯಲ್ಲಿ ಒಂದು ಸಲ ಕೇಳಿದ್ದನ್ನು ತಿಂಗಳಾದ ಮೇಲೂ ಸಾಲು ತಪ್ಪದೆ ಒಪ್ಪಿಸಿದರಲ್ಲ, ನಾನು ಕೇಳುವ ಪರೀಕ್ಷೆ ಇದರ ಮುಂದೆ ಏನೂ ಅಲ್ಲ ಎಂದು ಮಗನಿಗೆ ಹೇಳಿದಳು. ಆದರೂ ನಿಯಮ ನಿಯಮವೇ. ಬೇರೆ ಐದು ಪದ ಕೊಟ್ಟಳು. ತಾತ ನಾಲ್ಕು ಹೇಳಿ ನಿಂತರು. ಐದನೆಯದು ಯಾಕೆ ಬರಲಿಲ್ಲ ಎಂದರೆ, ಅದು ಸಾಬರು ಹೇಳಿದ್ದರಲ್ಲಿ ಇರಲಿಲ್ಲ ಎಂದು ಗದರಿದರು.

ಕೆಲವು ದಿನಗಳಲ್ಲಿ ಫೋಟೊದ ವರದಿ ಬಂತು. ವಯಸ್ಸಿಗೆ ತಕ್ಕ ಹಾಗೆ ಎಲ್ಲ ಚೆನ್ನಾಗಿದೆ, ಕಾಯಿಲೆಯ ಲಕ್ಷಣ ಕಾಣುವುದಿಲ್ಲ, ಗಾಡಿ ಮರೆತದ್ದು ಮಾತಿನ ಭರಾಟೆಯಲ್ಲಿ ಎಂದಳು ಡಾಕ್ಟರಮ್ಮ. ನಾನೇ ಹೋಗಿ ಹೇಳಿದೆ. ಮಗನ ಮುಖದಲ್ಲಿ ಅಷ್ಟು ದಿನದ ಭಯ ಇಳಿದುಹೋಯಿತು. ಕೀ ತರುತ್ತೇನೆ ಎಂದು ಒಳಗೆ ಓಡಿದ. ಬೀರು ತೆಗೆದ ಸದ್ದು ಬಂತು. ಡಬ್ಬ ಉರುಳಿದ ಸದ್ದು ಬಂತು. ಮಂಚ ಎಳೆದ ಸದ್ದೂ ಬಂತು. ಬಹಳ ಹೊತ್ತಾದ ಮೇಲೆ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದು, ಎಲ್ಲೋ ಭದ್ರವಾಗಿ ಇಟ್ಟಿದ್ದೆ, ನೆನಪಾಗುತ್ತಿಲ್ಲ ಎಂದ.

ತಾತ ಕೂತಲ್ಲಿಂದ ಏಳಲಿಲ್ಲ. "ದೇವರ ಗೂಡಲ್ಲಿ, ಹಳೇ ಪಂಚಾಂಗದ ಹಿಂದೆ ಇಟ್ಟಿದ್ದೀಯ ನೋಡು."

"ಗೊತ್ತಿದ್ರೆ ತಗೋಬಾರ್ದಿತ್ತೇನಪ್ಪ?"

"ನಾನಾಗಿ ತಗೊಂಡ್ರೆ ಕಳ್ಳತನ ಕಣೋ. ನೀನಾಗಿ ಕೊಡ್ಬೇಕಿತ್ತು."

ಮಗ ಕೀ ತಂದು ಎರಡೂ ಕೈಯಿಂದ ಅಪ್ಪನ ಅಂಗೈಯಲ್ಲಿಟ್ಟ. ತಾತ ಮೊಪೆಡ್ಡಿನ ಧೂಳು ಕೊಡವಿ, ತುಳಿದು ತುಳಿದು ಚಾಲೂ ಮಾಡಿ, ಎದುರು ಮನೆಯವನಿಗೆ ಕಾಣುವ ಹಾಗೆ ಬೀದಿಯಲ್ಲೊಂದು ಸುತ್ತು ಹೊಡೆದು ಬಂದು ನನ್ನ ಮುಂದೆ ನಿಲ್ಲಿಸಿದರು.

"ಮುಂದಿನ ತಿಂಗಳ ವ್ಯಾನಲ್ಲಿ ನಮ್ಮ ಹುಡುಗನಿಗೊಂದು ಸೀಟು ಇಡಮ್ಮ," ಎಂದರು. "ಈ ವಯಸ್ಸಿಗೇ ಹಿಂಗಾದ್ರೆ ಕಷ್ಟ."