ಹೆರಿಗೆ ವಾರ್ಡಿನ ಕಬ್ಬಿಣದ ಕಂಬ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ತಲೆಯ ಮೇಲಿನ ಗೋಡೆ ‘ಟಪ್’ ಎಂದಿತು. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಹೆರಿಗೆ ವಾರ್ಡಿನಲ್ಲಿ ಗಂಡಸಿಗೆ ಗಡಿಯಾರ ನೋಡುವುದು, ಚಾವಣಿ ನೋಡುವುದು ಬಿಟ್ಟರೆ ಬೇರೆ ಉದ್ಯೋಗವಿಲ್ಲ. ಬಿಸಿನೀರು ತಂದರೆ ‘ಇಷ್ಟ ಸುಡೂದು ಯಾಕ?’ ಎನ್ನುತ್ತಾರೆ. ಮಗುವನ್ನು ಎತ್ತಿಕೊಂಡರೆ ‘ಕುತ್ತಿಗಿ ಹಿಡೀರಿ’ ಎಂದು ಕಸಿದುಕೊಳ್ಳುತ್ತಾರೆ. ದಾಂಡೇಲಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ನನ್ನ ಪದವಿಗಳಿಗೆ ಅಲ್ಲಿ ಕವಡೆ ಕಿಮ್ಮತ್ತಿರಲಿಲ್ಲ.

ಹೆಂಡತಿ ಗಿರಿಜಾಳ ತವರು ಹಳಿಯಾಳದ ಹತ್ತಿರದ ತೇರಗಾಂವ. ಹಾಗಾಗಿ ಚೊಚ್ಚಲ ಹೆರಿಗೆ ಹಳಿಯಾಳದ ಒಂದು ಹಳೆಯ ಆಸ್ಪತ್ರೆಯಲ್ಲಿ. ದಪ್ಪ ಕಲ್ಲಿನ ಗೋಡೆ, ಕಿರಿದಾದ ಬಾಗಿಲು. ಸ್ಟ್ರೆಚರು ಒಳಗೆ ಬರಬೇಕಾದರೆ ಸಂತೆ ದಿನದ ಲಾರಿಯಂತೆ ಹಿಂದೆ ಮುಂದೆ ಮಾಡಬೇಕು, ಅಷ್ಟರಲ್ಲಿ ಅದರ ಮೇಲಿದ್ದಾಕೆ ಹೆತ್ತೇಬಿಡಬಹುದು. ಅದಕ್ಕೇ ವಾರ್ಡಿಗೂ ಆಪರೇಷನ್ ಕೋಣೆಗೂ ನಡುವಿನ ಗೋಡೆ ಒಡೆದು ಅಗಲ ದಾರಿ ಮಾಡುತ್ತಿದ್ದರು. ಆ ಗೋಡೆಯೋ, ಮೇಲಿನ ಮಹಡಿಯನ್ನು ಹೊತ್ತ ಗೋಡೆ! ಕೆಳಗಿನ ಕಲ್ಲು ತೆಗೆದು ಉಕ್ಕಿನ ತೊಲೆ ಕೂರಿಸುವವರೆಗೆ ಅಷ್ಟೂ ಭಾರ ಹೊತ್ತು ನಿಂತದ್ದು ಒಂದು ಸಾಲು ಕಬ್ಬಿಣದ ಕಂಬ. ಕೆಲಸದವರ ಬಾಯಲ್ಲಿ ಅದು ಜಾಕಿ. ನಡುವೆ ಒಂದು ಹಿಡಿ ಇರುತ್ತದೆ. ಒಂದು ಕಡೆ ತಿರುಗಿಸಿದರೆ ಬಿಗಿ, ಇನ್ನೊಂದು ಕಡೆಗೆ ಸಡಿಲ.

ಹುಬ್ಬಳ್ಳಿಯಿಂದ ಬರುವ ಎಂಜಿನಿಯರ್ ಸವಿತಾ ಮೇಡಂ ಅಲ್ಲಿಗೆ ಹಸಿರು ಪರದೆ ಕಟ್ಟಿಸಿ, ಯಾರೂ ಆಚೆ ಹೋಗಕೂಡದೆಂದು ಹೇಳಿದ್ದರು. ಆದರೆ ಗಾಳಿ ಬರುವ ಕಿಟಕಿ ಪರದೆಯ ಆಚೆ ಇತ್ತಲ್ಲ! ಮೊದಲು ಒಂದು ಸ್ಟೂಲು ಹೋಯಿತು, ಹಿಂದೆಯೇ ಮಂಚಗಳು ಹೋದವು. ನೋಡನೋಡುತ್ತ ಜಾಕಿಗಳಿಗೆ ಸಂಸಾರ ಹತ್ತಿಕೊಂಡಿತು. ಒಂದರ ಮೇಲೆ ಲಂಗೋಟಿ ಒಣಗಿದವು, ಇನ್ನೊಂದಕ್ಕೆ ಬುತ್ತಿಚೀಲ ಜೋತುಬಿತ್ತು. ನಮ್ಮ ಅತ್ತೆಯವರು ದನದ ಕೊಟ್ಟಿಗೆಯ ಕಂಬ ಪರೀಕ್ಷಿಸುವಂತೆ ಎರಡನ್ನು ಅಲ್ಲಾಡಿಸಿ ನೋಡಿ, ‘ಗಟ್ಟಿ ಅದಾವ ಬಿಡ್ರಿ ಅಳಿಯಂದ್ರ’ ಎಂದು ಸರ್ಟಿಫಿಕೇಟು ಕೊಟ್ಟು, ಹಿಡಿಗಳಿಗೇ ಹಳೆಯ ಸೀರೆ ಕಟ್ಟಿ ತೊಟ್ಟಿಲು ಮಾಡಿದರು. ಮಗಳು ಅದರಲ್ಲಿ ಸುಖವಾಗಿ ತೂಗಾಡಿದಳು.

‘ಟಪ್’ ಎಂದದ್ದು ಆ ತೊಟ್ಟಿಲಿನ ಮೇಲೆಯೇ. ಅಂಗೈಯಗಲ ಗಿಲಾವು ಕಳಚಿ ಮಗಳ ಕಾಲ ಬಳಿ ಬಿತ್ತು! ಆಗ ನಾನು ಮಾಡಿದ್ದನ್ನು ಹೇಳಲೇಬೇಕು. ಎರಡೂ ತೋಳುಗಳಿಂದ ಜಾಕಿಯನ್ನು ತಬ್ಬಿಕೊಂಡೆ. ಮೇಲಿನ ಮಹಡಿ, ಅದರ ಮೇಲಿನ ನೀರಿನ ಟಾಕಿ, ಎಲ್ಲವನ್ನೂ ನಾನು ತಡೆದು ನಿಲ್ಲಿಸಿದ್ದೇನೆಂದು ಆ ಕ್ಷಣ ನಿಜವಾಗಿ ನಂಬಿದ್ದೆ.

‘ಅಯ್ಯ! ಕಂಬ ಬಿಟ್ಟ ಕೂಸಿನ್ನ ಹಿಡೀರಿ!’ ಎಂದು ಗಿರಿಜಾ ಚೀರಿದಳು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಅವಳೇ ಎದ್ದು ಬರುತ್ತಿದ್ದಳು. ಅಷ್ಟರಲ್ಲಿ ಅತ್ತೆ ಮಗುವನ್ನು ಬಾಚಿಕೊಂಡು ವರಾಂಡದಲ್ಲಿದ್ದರು.

ಸವಿತಾ ಮೇಡಂ ಓಡಿಬಂದರು. ‘ಎಲ್ಲಾರೂ ಹೊರಗ! ಸಾಮಾನ ಬಿಡ್ರಿ, ಮೊದಲ ಕೂಸುಗಳು!’ ಬಾಣಂತಿಯರು, ಅಜ್ಜಿಯರು, ಅಳುವ ಕೂಸುಗಳು ಎಲ್ಲ ವರಾಂಡಕ್ಕೆ ಬಂದರು. ಮೇಡಂ ಕಂಬದಿಂದ ಕಂಬಕ್ಕೆ ಹೋಗಿ ಬಂದು, ಬೆವರು ಒರೆಸಿಕೊಂಡು ಕೇಳಿದರು: ‘ಹಿಡಿ ತಿರಗಿದ್ರ ಗೊತ್ತಾಗ್ಲಿ ಅಂತ ಕಂಬಕ್ಕೂ ಹಿಡಿಗೂ ಕೂಡಿಸಿ ಸುಣ್ಣದ ಗೀಟು ಎಳದಿದ್ದೆ. ಈ ಎರಡರ ಗೀಟು ಯಾರ ಒರಸ್ಯಾರ?’

‘ನಾನ ಒರಸೇನಿ’ ಎಂದರು ಅತ್ತೆ. ‘ಉದ್ದಕ ಬಿಳಿ ನಾಮ ಹಾಕಿದ್ರಲ್ಲವಾ! ನಮ್ಮ ಕೂಸು ತೂಗೂ ಕಂಬ ಅದು. ಒರಸಿ, ಮೂರು ಬಟ್ಟು ವಿಭೂತಿ ಹಚ್ಚೇನಿ. ತಪ್ಪೇನೈತಿ?’

ಮೇಡಂ ಹಣೆ ಚಚ್ಚಿಕೊಂಡರು. ನಗಬೇಕೋ ಅಳಬೇಕೋ ಅವರಿಗೇ ತಿಳಿಯುತ್ತಿರಲಿಲ್ಲ. ‘ದೇವರಂಥಾ ಅಮ್ಮ, ಅದು ನಾಮ ಅಲ್ಲ. ತೊಟ್ಟಿಲು ತೂಗಿದಂಗ ತೂಗಿದಂಗ ಒಂದರ ಹಿಡಿ ಸಡ್ಲಾಗಿ, ಅದರ ಭಾರ ಮಗ್ಗಲಿನ ಕಂಬಕ್ಕ ಹೋಗೇತಿ. ಇನ್ನೊಂದ ಸಡ್ಲಾಗಿದ್ರ…’ ಎಂದು ಮೇಲಿನ ಮಹಡಿಯತ್ತ ಕೈ ತೋರಿಸಿದರು. ಅತ್ತೆ ಮಗುವಿನ ಪಾದವನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಸಂಜೆಯವರೆಗೂ ಮಗುವನ್ನು ಹಾಲಿಗೆ ಬಿಟ್ಟರೆ ಯಾರ ಕೈಗೂ ಕೊಡಲಿಲ್ಲ.

ಕಂಬಗಳು ಬಿಗಿಯಾದವು, ವಾರ್ಡು ಬೇರೆ ಕಡೆಗೆ ಹೋಯಿತು, ನಾವು ದಾಂಡೇಲಿಗೆ ಬಂದೆವು. ನಿದ್ದೆ ಮಾತ್ರ ಹಳಿಯಾಳದಲ್ಲೇ ಉಳಿಯಿತು. ಮಗು ಅಳುತ್ತ ಎಚ್ಚರ, ಗಿರಿಜಾ ಮಗುವಿಗಾಗಿ ಎಚ್ಚರ, ಬಾಣಂತನಕ್ಕೆ ಬಂದ ಅತ್ತೆ ಸುಮ್ಮಸುಮ್ಮನೆ ಎಚ್ಚರ. ನಾನೋ, ಮನೆಯ ಬಿರುಕುಗಳ ತುದಿಗೆಲ್ಲ ಪೆನ್ಸಿಲಿನಿಂದ ಗೆರೆ ಎಳೆದು, ಬೆಳೆದಿವೆಯೇ ಎಂದು ಟಾರ್ಚು ಹಿಡಿದು ಕಾಯುತ್ತಿದ್ದೆ. ‘ಕೂಸು ಮಲಗಿದ್ರೂ ನಿಮ್ಮ ಟಾರ್ಚ್ ಮಲಗಂಗಿಲ್ಲ’ ಎಂದು ಗಿರಿಜಾ ಬೈದಳು.

ಲಸಿಕೆ ಹಾಕಿಸಲು ಅದೇ ಆಸ್ಪತ್ರೆಗೆ ಹೋದ ದಿನ ಸವಿತಾ ಮೇಡಂ ಕರೆದು ತೋರಿಸಿದರು. ಜಾಕಿಗಳಿಲ್ಲ, ಪರದೆಯಿಲ್ಲ, ನಮ್ಮೆದುರೇ ಒಂದು ಸ್ಟ್ರೆಚರು ಒಂದೇ ಸಲಕ್ಕೆ ಸರ್ರೆಂದು ಒಳಗೆ ಹೋಯಿತು! ಮೇಲೆ ಉಕ್ಕಿನ ತೊಲೆ ಮಹಡಿಯನ್ನು ಹೊತ್ತು ತಣ್ಣಗೆ ಕುಳಿತಿತ್ತು. ಅತ್ತೆ ಬಹಳ ಹೊತ್ತು ನೋಡಿ, ಮೊದಲ ಸಲ ಮಗುವನ್ನು ತಾವಾಗಿ ನನ್ನ ಕೈಗೆ ಕೊಟ್ಟರು.

ಆ ರಾತ್ರಿ ಮಗುವೂ ಸೇರಿ ಮನೆಯವರೆಲ್ಲ ಬೆಳಗಿನವರೆಗೆ ನಿದ್ದೆ ಹೋದೆವು. ಮುಂಜಾನೆ ಪಕ್ಕದ ಮನೆಯವರು ಬಾಗಿಲಿಗೆ ಬಂದು, ‘ರಾತ್ರಿ ನಿಮ್ಮ ಮನ್ಯಾಗ ಏನ್ ಬಿತ್ತ್ರೀ ಸರ? ಓಣಿ ಮಂದಿ ಎಲ್ಲಾ ಎದ್ದ್ವಿ’ ಎಂದರು. ಒಳಗೆ ಹೋಗಿ ನೋಡಿದರೆ, ಅಡುಗೆಮನೆಯಲ್ಲಿ ಪಾತ್ರೆಯ ಹಲಗೆ ಗೋಡೆ ಬಿಟ್ಟು, ಅಷ್ಟೂ ಪಾತ್ರೆಗಳೊಂದಿಗೆ ನೆಲದ ಮೇಲಿತ್ತು. ಅದರ ಹಿಂದಿನ ಭಾನುವಾರ ಅದಕ್ಕೆ ಮೊಳೆ ಹೊಡೆದವನು ನಾನೇ.