ಕೆಂಪು ಕಾರಿಗೆ ಯಾವ ಟಯರು?

ಎಲ್ಲ ರಗಳೆಗೂ ಮೂಲ ಆ ಕೆಂಪು ಕಾರಿನ ನಾಲ್ಕು ಬೋಳು ಟಯರು.

ಕಾರು ಮೊದಲು ಅಣ್ಣ ಉಮಾನಾಥನದು. ತುಸು ಕಾಲು ತಾಗಿಸಿದರೆ ಸಾಕು, ಬೆನ್ನು ಸೀಟಿಗೆ ಅಂಟುವಂತೆ ಚಿಮ್ಮುವ ಜಾತಿ. ತನಗೆ ವಯಸ್ಸಾಯಿತೆಂದು ಅದನ್ನು ನಾಸಿಕದಲ್ಲಿದ್ದ ತಮ್ಮ ರಘೋತ್ತಮನಿಗೆ ಪ್ರೀತಿಯಿಂದ ಕೊಟ್ಟಿದ್ದ. ಹೋದ ವರ್ಷ ತಮ್ಮ ಅದರಲ್ಲೇ ಮನೆಗೆ ಬಂದಾಗ ಉಮಾನಾಥ ಟಯರು ನೋಡಿ ಸಿಡಿದೆದ್ದ. "ಸಾಯಬೇಕಂತ ಮಾಡೀಯೇನಲೇ? ಹೊಸಾ ಟಯರ್ ಹಾಕಿಸೂತನಾ ನನ್ನ ಮನಿ ಮೆಟ್ಟಲ ಹತ್ತಬ್ಯಾಡ!"

ಅಣ್ಣನ ಮಾತು ರಘೋತ್ತಮನಿಗೆ ವೇದವಾಕ್ಯ. ಆದರೆ ಯಾವ ಟಯರು? ರಸ್ತೆಯನ್ನು ಗಟ್ಟಿಯಾಗಿ ಹಿಡಿದು ಬೇಗ ಸವೆಯುವ ಸಮ್ಮರ್ ಟಯರೋ, ಹಿಡಿತ ಕಡಿಮೆಯಾದರೂ ಬಾಳಿಕೆ ಬರುವ ಆಲ್ ಸೀಜನ್ ಟಯರೋ? ಊರ ಹತ್ತಿರದ ಓಝರಿನ ಕಾರ್ಖಾನೆಯಲ್ಲಿ ವಿಮಾನದ ಗಾಲಿಗಳನ್ನೇ ಪರೀಕ್ಷಿಸುವ ಗಂಡಸು ಇವನು! ಅಲ್ಲಾದರೆ ಯಾವ ಗಾಲಿ ಎಂದು ಮೇಲಿನವರೇ ಹೇಳುತ್ತಾರೆ. ಇಲ್ಲಿ ತಾನೇ ಹೇಳಬೇಕು. ಕಂಡಕಂಡವರಿಗೆಲ್ಲ "ನೀವೇನಂತೀರಿ?" ಎನ್ನುತ್ತ ವರ್ಷ ಕಳೆದ. ಅಣ್ಣನ ಮೆಟ್ಟಿಲು ಹತ್ತಲಿಲ್ಲ.

ಜೂನ್ ತಿಂಗಳ ಒಂದು ಮುಂಜಾನೆ ಅತ್ತಿಗೆ ವಸಂತಿಯ ಫೋನು ಬಂತು. ಆಗಿನ್ನೂ ಬೋರ್ಡುಗಳ ಮೇಲೆ ಔರಂಗಾಬಾದ್ ಎಂದೇ ಇದ್ದ ಸಂಭಾಜಿನಗರದಿಂದ.

"ರಘು, ನಿಮ್ಮಣ್ಣಗ ಎದಿ ಬ್ಯಾನಿ. ಡಾಕ್ಟರು ಕೈಚೆಲ್ಲಿ ಮನಿಗೆ ಕಳಿಸ್ಯಾರ. ನಿಮ್ಮನ್ನ ನೋಡಬೇಕಂತಾರ. ಆ ಕಾರ್ ತಗೊಂಡು ಬರಲಿ ಅಂದ್ರು."

"ಕಾರು ಗೀರು ಬಿಡ್ರಿ, ಬಸ್ ಹತ್ರಿ ಮೊದ್ಲ," ಎಂದಳು ಹೆಂಡತಿ ಗೀತಾ.

"ಕಾರ್ ತಗೊಂಡು ಬಾ ಅಂದಾನ. ಬೋಳು ಟಯರ್ ಮ್ಯಾಲ ಹೋದ್ರ ಇಂಥಾ ಹೊತ್ತಿನ್ಯಾಗೂ ಬೈತಾನ," ಎಂದವನೇ, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವನಂತೆ ಸಾತಪುರದ ಟಯರ್ ಅಂಗಡಿಗೆ ಹೊರಟ. ಸಲಹೆಗೆ ಸಹೋದ್ಯೋಗಿ ಹರಿದಾಸ ಹತ್ತಿಕೊಂಡ. ಪಕ್ಕದ ಮನೆಯ ಪ್ರೇಮಾಬಾಯಿ ತರಕಾರಿ ಚೀಲದ ಸಮೇತ ಹಿಂದೆ ಕೂತಳು.

ಅಂಗಡಿಯಲ್ಲಿ ಎರಡೂ ಜಾತಿಯವು ಇದ್ದವು. ಅದೇ ಅವನ ಕರ್ಮ.

"ಹುಲಿಗೆ ಹುಲಿ ಉಗುರ ಇರಬೇಕ್ರೀ. ಸಮ್ಮರ್ ಹಾಕಸ್ರಿ!" ಎಂದ ಹರಿದಾಸ. ಹಾಕಿದರು. ಅಷ್ಟರಲ್ಲಿ ಬಾನೆಟ್ಟಿನ ಮೇಲೆ ಒಂದು ಹನಿ ಬಿತ್ತು.

"ಅಹೋ ಭಾವೂಜಿ, ಪಾವಸಾಳಾ ಆಲಾ!" ಎಂದು ಪ್ರೇಮಾಬಾಯಿ ಕಿರುಚಿದಳು. "ಮಳಿಗಾಲದಾಗ ಬ್ಯಾಸಿಗಿ ಟಯರ್ ಹಾಕ್ತಾರೇನು?"

ಸಮ್ಮರ್ ಟಯರು ಮಳೆಯಲ್ಲೂ ಹಿಡಿಯುತ್ತದೆ ಎಂದು ಅಂಗಡಿಯವನು ಬಡಕೊಂಡ. ಕೇಳುವವರಾರು? ಬಿಚ್ಚಿಸಿ ಆಲ್ ಸೀಜನ್ ಹಾಕಿಸಿದರು. ಮೋಡ ಸರಿದು ಬಿಸಿಲು ಬಿತ್ತು. ಹರಿದಾಸ ಮುಖ ಊದಿಸಿದ. ಮತ್ತೆ ಬಿಚ್ಚಿಸಿದರು.

"ಮುಂದ ಎರಡು ಅವು, ಹಿಂದ ಎರಡು ಇವು ಹಾಕಿದ್ರ? ನೀವೇನಂತೀರಿ?" ಎಂದ ರಘೋತ್ತಮ, ಯಾರ ಮನಸ್ಸೂ ನೋಯದಿರಲಿ ಎಂದು. ಅಂಗಡಿಯವನು ಕೈಮುಗಿದು, ಹಾಗೆ ಹಾಕಿದರೆ ಗಾಡಿ ಗಿರಕಿ ಹೊಡೆಯುತ್ತದೆ, ಆ ಪಾಪ ನನಗೆ ಬೇಡ ಎಂದ.

ಮತ್ತೆ ಅತ್ತಿಗೆಯ ಫೋನು. "ಎಲ್ಲಿದ್ದೀರಿ? ಇವರ ಕಣ್ಣು ಬಾಗಲಾ ಬಿಟ್ಟು ಸರಿಯವಲ್ಲು."

ಕಾರು ಜಾಕಿನ ಮೇಲಿತ್ತು. ಒಂದು ಗಾಲಿಗೂ ಟಯರಿರಲಿಲ್ಲ. ರಘೋತ್ತಮ ಎಲ್ಲವನ್ನೂ ಅಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿದ. ಬಸ್ಸು ಯೇವಲೆ ದಾಟಿತು, ವೈಜಾಪುರ ದಾಟಿತು. ದಾರಿಯುದ್ದಕ್ಕೂ ಒಂದೇ ಹಾರೈಕೆ, ಅಣ್ಣ ಕಣ್ಣು ತೆರೆದಿರಲಿ, ಬೇಕಾದರೆ ಬಯ್ಯಲಿ.

ಚಿಕಲಠಾಣಾದಲ್ಲಿದ್ದ ಅಣ್ಣನ ಮನೆಯಂಗಳದಲ್ಲಿ ಚಟ್ಟ ಕಟ್ಟಿಯಾಗಿತ್ತು. ಇವನಿಗಾಗಿಯೇ ಕಾದಿದ್ದರು. ರಘೋತ್ತಮ ಅಣ್ಣನ ಕಾಲು ಹಿಡಿದು ಗೊಳೋ ಎಂದು ಅತ್ತ. "ಟಯರ್ ಹಾಕಿಸ್ಲಿಕ್ಕೆ ನಿಂತಿದ್ದೆ, ವೈನಿ. ಬೈತಾನಂತ..."

ವಸಂತಿ ಕಣ್ಣೊರೆಸಿಕೊಂಡು ಒಳಕೋಣೆಯ ಬಾಗಿಲು ನೂಕಿದಳು. ಗೋಡೆಗೆ ಒರಗಿಸಿಟ್ಟ ಹೊಚ್ಚ ಹೊಸ ಟಯರುಗಳು. ನಾಲ್ಕು ಸಮ್ಮರ್. ನಾಲ್ಕು ಆಲ್ ಸೀಜನ್.

"ಅವ ಜಲ್ಮದಾಗ ಆರಿಸೂದಿಲ್ಲ, ನಾನ ಆರಿಸಿ ಕೊಡ್ತೀನಿ ಅಂತ ಪ್ಯಾಟಿಗೆ ಹೋದ್ರು. ಅಲ್ಲಿ ಇವರಿಗೂ ತಿಳೀಲಿಲ್ಲ. ಎರಡೂ ತಂದ್ರು. ನಿಮಗ ತಾವ ಫೋನ್ ಮಾಡೂದೋ, ನೀವ ಮಾಡೂತನಾ ಕಾಯೂದೋ, ಅದೂ ತಿಳೀಲಿಲ್ಲ. ಕಾಯ್ಕೋತ ಕೂತ್ರು. ಅದಕ್ಕ ಇವತ್ತ ಕಾರ್ ತರಲಿ ಅಂದದ್ದು."

ರಘೋತ್ತಮ ಬಾಗಿಲಿಗೆ ಬಂದ. ಹೊರಗೆ ಅಣ್ಣನ ಮಗ ದಿಗಂತ್ ಬೆಂಕಿಯ ಮಡಕೆ ಹಿಡಿದು ನಿಂತಿದ್ದ. ಹೊತ್ತು ಮುಳುಗುತ್ತಿತ್ತು.

"ಕಾಕಾ, ಉಶೀರ್ ಆಗ್ಲಿಕ್ಕತ್ತದ, ಹೊತ್ತಾತು. ಹೆಗಲು ಮುಂದ ಕೊಡ್ತೀರೋ, ಹಿಂದೋ?"

ರಘೋತ್ತಮ ಚಟ್ಟದ ಮುಂದಕ್ಕೆ ಬಂದ. ಅಲ್ಲಿಂದ ಹಿಂದಕ್ಕೆ ಹೋದ. ಸುತ್ತ ನಿಂತವರ ಮುಖಗಳನ್ನೆಲ್ಲ ನೋಡಿದ. ಕೊನೆಗೆ ಬಗ್ಗಿ, ತುಳಸಿ ಎಲೆ ಇಟ್ಟಿದ್ದ ಅಣ್ಣನ ಮುಖದ ಹತ್ತಿರ ಮುಖ ತಂದು ಕೇಳಿದ.

"ಅಣ್ಣಾ, ನೀ ಏನಂತಿ?"